ನಾಯಿ ಏಕೆ ಕಚ್ಚುತ್ತದೆ? ತಳಿ, ಸ್ವಭಾವ ಮತ್ತು ನಮ್ಮ ಎಚ್ಚರ

ನಾಯಿ ಕಚ್ಚಿದ ಮಗುವನ್ನು ವೈದ್ಯರ ಬಳಿಗೆ ಕರೆತರುವ ತಂದೆತಾಯಿಗಳು ಸಾಮಾನ್ಯವಾಗಿ ಮೊದಲು ಹೇಳುವುದು ನಾಯಿಯ ಕುಲಗೋತ್ರವನ್ನು. ‘ಬೀದಿ ನಾಯಿ ಅಲ್ಲ ಡಾಕ್ಟ್ರೇ, ಪಕ್ಕದ ಮನೆಯವರ ಪಮೇರಿಯನ್’ ಎಂದು ಒಬ್ಬರು ಸಮಾಧಾನ ಪಟ್ಟುಕೊಂಡರೆ, ‘ಲ್ಯಾಬ್ರಡಾರ್ ಕಚ್ಚೋದೇ ಇಲ್ಲ ಅಂದಿದ್ರು’ ಎಂದು ಇನ್ನೊಬ್ಬರು ಆಶ್ಚರ್ಯಪಡುತ್ತಾರೆ. ಜಾತಿ ನಾಯಿ ಕಚ್ಚಿದರೆ ಅಪಾಯವಿಲ್ಲ, ಕಂತ್ರಿ ನಾಯಿ ಕಚ್ಚಿದರೆ ಮಾತ್ರ ಚುಚ್ಚುಮದ್ದು ಬೇಕು ಎಂಬ ನಂಬಿಕೆ ಓದಿದವರಲ್ಲೂ ಇದೆ. ಈ ನಂಬಿಕೆಯಿಂದಾಗಿ ಎಷ್ಟೋ ಮಂದಿ ಗಾಯಕ್ಕೆ ಒಂದಿಷ್ಟು ಅರಿಸಿನ ಹಚ್ಚಿ ಸುಮ್ಮನಾಗಿಬಿಡುತ್ತಾರೆ.

ವೈದ್ಯನಿಗೆ ಬೇಕಾಗಿರುವುದು ಬೇರೆ ಮೂರು ಉತ್ತರಗಳು. ಕಚ್ಚುವ ಮುಂಚೆ ಅಲ್ಲಿ ಏನು ನಡೆಯುತ್ತಿತ್ತು? ಗಾಯವನ್ನು ಎಷ್ಟು ಹೊತ್ತು ತೊಳೆದಿರಿ? ಈಗ ಆ ನಾಯಿ ಎಲ್ಲಿದೆ, ಹೇಗಿದೆ? ಮೊದಲ ಪ್ರಶ್ನೆಯ ಉತ್ತರದಿಂದ ಇನ್ನೊಂದು ಕಡಿತವನ್ನು ತಪ್ಪಿಸಬಹುದು. ಉಳಿದ ಎರಡರ ಉತ್ತರಗಳ ಮೇಲೆ ಪ್ರಾಣವೇ ನಿಂತಿರಬಹುದು. ಆದ್ದರಿಂದ ಈ ವಾರ ನಾಯಿಯ ತಳಿ, ಅದರ ಸ್ವಭಾವ, ಅದು ಕಚ್ಚುವ ಕಾರಣ ಮತ್ತು ಕಚ್ಚಿದಾಗ ನಾವು ಮಾಡಬೇಕಾದ್ದನ್ನು ಕ್ರಮವಾಗಿ ನೋಡೋಣ.

ತಳಿ ಎಂದರೇನು?

ಅಂಗೈಯಲ್ಲಿ ಹಿಡಿಸುವ ಚಿವಾವಾದಿಂದ ಕರುವಿನಷ್ಟು ಎತ್ತರದ ಗ್ರೇಟ್ ಡೇನ್‌ವರೆಗೆ ಎಲ್ಲವೂ ಒಂದೇ ಪ್ರಾಣಿವರ್ಗಕ್ಕೆ ಸೇರಿದವು. ಮನುಷ್ಯ ತನಗೆ ಬೇಕಾದ ಕೆಲಸಕ್ಕೆ ತಕ್ಕ ನಾಯಿಗಳನ್ನು ಆರಿಸಿ, ಅವುಗಳನ್ನೇ ಕೂಡಿಸಿ ಮರಿ ಮಾಡಿಸುತ್ತಾ ಬಂದುದರಿಂದ ಬೇರೆ ಬೇರೆ ತಳಿಗಳು ಹುಟ್ಟಿಕೊಂಡವು. ನಾವು ಅಲ್ಸೇಷಿಯನ್ ಎಂದು ಕರೆಯುವ ಜರ್ಮನ್ ಷೆಫರ್ಡ್ ಕುರಿ ಕಾಯುವ ನಾಯಿಗಳಿಂದ ಬಂದದ್ದು. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಆ ತಳಿಗಾಗಿ ಸಂಘ ಕಟ್ಟಿದರು. ಡಾಬರ್‌ಮನ್ ತಳಿಗೆ ಹೆಸರು ಬಂದದ್ದು ಅದೇ ದೇಶದ ಒಬ್ಬ ತೆರಿಗೆ ವಸೂಲಿಗಾರನಿಂದ. ಹಣದ ಚೀಲದೊಡನೆ ಓಡಾಡುವಾಗ ಆತನಿಗೆ ಕಾವಲು ಬೇಕಿತ್ತು. ರಾಟ್‌ವೈಲರ್ ದನ ಅಟ್ಟುತ್ತಿದ್ದ ನಾಯಿ. ಕುಳ್ಳ ಕಾಲಿನ, ಉದ್ದ ಮೈಯ ಡ್ಯಾಷ್‌ಹಂಡ್ ಬಿಲದೊಳಗೆ ನುಗ್ಗಿ ಬೇಟೆಯಾಡಲು ಬೆಳೆಸಿದ ತಳಿ. ಬೇಟೆಯ ಹಕ್ಕಿಯನ್ನು ಗಾಯಮಾಡದೆ ಬಾಯಲ್ಲಿ ಕಚ್ಚಿಕೊಂಡು ತಂದುಕೊಡುವುದು ಲ್ಯಾಬ್ರಡಾರ್‌ನ ಕೆಲಸ.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಹೀಗೆಯೇ. ಕಣ್ಣಿನಿಂದ ಬೇಟೆ ಗುರುತಿಸಿ ಗಾಳಿಯಂತೆ ಬೆನ್ನಟ್ಟುವ ತಳಿ ಅದು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತ್ತು. ಮನೆಯವರೊಡನೆ ಹೊಂದಿಕೊಂಡರೂ ಅಪರಿಚಿತರು ಮೈಮುಟ್ಟುವುದು ಅದಕ್ಕೆ ಹಿಡಿಸುವುದಿಲ್ಲ.

ಹೀಗೆ ತಳಿಯಿಂದ ಬರುವುದು ಮುಖ್ಯವಾಗಿ ಮೈಕಟ್ಟು ಮತ್ತು ಕೆಲಸದ ಒಲವು: ಬೆನ್ನಟ್ಟುವುದು, ಅಟ್ಟುವುದು, ಹೆಕ್ಕಿ ತರುವುದು, ಕಾಯುವುದು. ಬೆನ್ನಟ್ಟುವ ಒಲವಿರುವ ನಾಯಿ ಓಡುವ ಮಗುವಿನ ಹಿಂದೆ ಬೀಳುವುದು ಸಹಜ. ಆದರೆ ಕಚ್ಚುವುದು ಇಂಥ ಒಂದು ತಳಿಗುಣವಲ್ಲ. ಅದು ಎಲ್ಲ ನಾಯಿಗಳಿಗೂ ಇರುವ ಆತ್ಮರಕ್ಷಣೆಯ ಉಪಾಯ.

ತಳಿ ನೋಡಿ ಸ್ವಭಾವ ಹೇಳಬಹುದೇ?

ಸ್ವಲ್ಪ ಮಟ್ಟಿಗೆ ಮಾತ್ರ. ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ವಿವರವನ್ನು ಸಾಕಿದವರಿಂದ ಪಡೆದು, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಮಾತ್ರ. ಬೇಗ ಕೆರಳುವ ಗುಣಕ್ಕೂ ತಳಿಗೂ ಇರುವ ನಂಟಂತೂ ತೀರಾ ಕಡಿಮೆ ಎಂದು ಕಂಡುಬಂತು.

ಇದಕ್ಕೂ ಮೊದಲು, 2008ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ ಮನುಷ್ಯರ ಮೇಲೆ ಎಗರುವ, ಕಚ್ಚುವ ಪ್ರವೃತ್ತಿ ಹೆಚ್ಚಾಗಿ ಕಂಡದ್ದು ಡ್ಯಾಷ್‌ಹಂಡ್, ಚಿವಾವಾ ಮೊದಲಾದ ಪುಟ್ಟ ನಾಯಿಗಳಲ್ಲಿ. ಪುಟ್ಟ ನಾಯಿ ಕಚ್ಚಿದರೆ ಮನೆಯವರು ನಕ್ಕು ಸುಮ್ಮನಾಗುತ್ತಾರೆ, ದೊಡ್ಡ ನಾಯಿ ಕಚ್ಚಿದರೆ ಅದು ಸುದ್ದಿಯಾಗುತ್ತದೆ.

ಹಾಗೆಂದು ತಳಿಯನ್ನು ಪೂರ್ತಿ ಮರೆಯುವಂತಿಲ್ಲ. ಕಚ್ಚುತ್ತದೆಯೋ ಇಲ್ಲವೋ ಎಂಬುದನ್ನು ತಳಿ ಹೇಳಲಾರದು. ಕಚ್ಚಿದರೆ ಎಷ್ಟು ಹಾನಿಯಾದೀತು ಎಂಬುದನ್ನು ಮೈಗಾತ್ರ ಮತ್ತು ದವಡೆಯ ಬಲ ಹೇಳುತ್ತವೆ. ಐದು ಕಿಲೋ ತೂಕದ ನಾಯಿಯ ಕೋಪಕ್ಕೂ ಐವತ್ತು ಕಿಲೋ ತೂಕದ ನಾಯಿಯ ಕೋಪಕ್ಕೂ ಆಗುವ ಗಾಯ ಒಂದೇ ಅಲ್ಲ. ಪಿಟ್‌ಬುಲ್, ರಾಟ್‌ವೈಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿದ್ದು, ಸಂಬಂಧಪಟ್ಟವರ ಅಭಿಪ್ರಾಯ ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿದ್ದು ಓದುಗರಿಗೆ ನೆನಪಿರಬಹುದು. ಕಾನೂನಿನ ಮಾತು ಏನೇ ಇರಲಿ, ಆ ಪಟ್ಟಿಯಲ್ಲಿಲ್ಲದ ನಾಯಿಗಳೆಲ್ಲ ಸಾಧು ಎಂದು ಭಾವಿಸಿದರೆ ಮೋಸಹೋಗುತ್ತೇವೆ.

ಕಚ್ಚುವ ಸಂದರ್ಭಗಳು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಮಕ್ಕಳನ್ನು ಕಚ್ಚಿದ 111 ನಾಯಿಗಳನ್ನು ಪರಿಶೀಲಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಅದಕ್ಕೆ ಮುಂಚೆ ಯಾವ ಮಗುವನ್ನೂ ಕಚ್ಚಿರಲಿಲ್ಲ. ಪರಿಚಯದ ಮಕ್ಕಳನ್ನು ಕಚ್ಚಿದ್ದಕ್ಕೆ ಅತಿ ಸಾಮಾನ್ಯ ಕಾರಣ ಊಟದ ಕಾವಲು. ಅಪರಿಚಿತ ಮಕ್ಕಳ ವಿಷಯದಲ್ಲಿ ಜಾಗದ ಕಾವಲು. ನಾಯಿ ಕಚ್ಚುವ ಮುಖ್ಯ ಸಂದರ್ಭಗಳನ್ನು ಹೀಗೆ ಪಟ್ಟಿ ಮಾಡಬಹುದು:

1. ಭಯ: ಕಡಿತಗಳ ಹಿಂದೆ ಬಹುಪಾಲು ಇರುವುದು ಸಿಟ್ಟಲ್ಲ, ಹೆದರಿಕೆ. ಮೂಲೆಗೆ ಸಿಕ್ಕಿಕೊಂಡ, ಓಡಿಹೋಗಲು ದಾರಿಯಿಲ್ಲದ ನಾಯಿಗೆ ಉಳಿದಿರುವುದು ಹಲ್ಲು ಮಾತ್ರ. ಸದಾ ಸರಪಳಿಯಲ್ಲಿ ಕಟ್ಟಿದ ನಾಯಿಯ ಪಾಡೂ ಅದೇ. ದೀಪಾವಳಿಯ ಪಟಾಕಿ ಸದ್ದಿಗೆ ನಡುಗುತ್ತಿರುವ ನಾಯಿಯನ್ನು ಮುದ್ದಿಸಹೋದವರೂ ಕಚ್ಚಿಸಿಕೊಳ್ಳುತ್ತಾರೆ.

2. ಊಟ ಮತ್ತು ತನ್ನ ವಸ್ತು: ತಟ್ಟೆಯ ಅನ್ನ, ಬಾಯಲ್ಲಿರುವ ಮೂಳೆ, ಮಲಗುವ ಗೋಣಿಚೀಲ, ಇವುಗಳ ಹತ್ತಿರ ಯಾರೂ ಬರಬಾರದೆಂದು ನಾಯಿ ಬಯಸುತ್ತದೆ.

3. ಮರಿಗಳು: ಮರಿ ಹಾಕಿದ ತಾಯಿನಾಯಿ ಎಷ್ಟೇ ಸಾಧುವಾಗಿದ್ದರೂ ಆ ಕೆಲವು ವಾರ ಬೇರೆಯೇ ಪ್ರಾಣಿ. ಕಟ್ಟಡದ ಕೆಲಸ ನಡೆಯುವ ಕಡೆ, ಮರಳು ಗುಡ್ಡೆಯ ಮರೆಯಲ್ಲಿ ಮರಿಗಳಿದ್ದರೆ ಮಕ್ಕಳನ್ನು ಅತ್ತ ಬಿಡಬೇಡಿ.

4. ನೋವು: ಮೇಲೆ ಹೇಳಿದ ವರದಿಯಲ್ಲಿ ಸುಮಾರು ಅರ್ಧದಷ್ಟು ನಾಯಿಗಳಿಗೆ ಏನಾದರೊಂದು ಕಾಯಿಲೆ ಇತ್ತು ಅಥವಾ ಇರುವ ಶಂಕೆಯಿತ್ತು. ಕಿವಿ ಸೋರುವ, ಕೀಲು ನೋಯುವ ಮುದಿ ನಾಯಿಯನ್ನು ಮಗು ತಬ್ಬಿಕೊಂಡರೆ ಅದಕ್ಕೆ ನೋವಾಗುತ್ತದೆ, ತಿರುಗಿ ಬಾಯಿ ಹಾಕುತ್ತದೆ. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದರೆ ಹೊಡೆಯಬೇಡಿ, ಪಶುವೈದ್ಯರಿಗೆ ತೋರಿಸಿ.

5. ಜಾಗದ ಕಾವಲು: ಗೇಟು ತೆರೆದು ಒಳಗೆ ಬಂದ ಅಂಚೆಯವರು, ಹಾಲು ಹಾಕುವವರು ಕಚ್ಚಿಸಿಕೊಳ್ಳುವುದು ಹೀಗೆ. ಬೀದಿ ನಾಯಿಗಳಿಗೂ ತಮ್ಮ ಬೀದಿಯೇ ಮನೆ. ಗುಂಪಿನಲ್ಲಿದ್ದಾಗ, ಅದರಲ್ಲೂ ರಾತ್ರಿ ವೇಳೆ, ಅವುಗಳ ಧೈರ್ಯ ಹೆಚ್ಚು.

6. ಓಟ: ಓಡುವ ಮಗು, ಸೈಕಲ್, ಸ್ಕೂಟರ್ ಕಂಡರೆ ಬೆನ್ನಟ್ಟುವ ಒಲವು ಜಾಗೃತವಾಗುತ್ತದೆ. ವೇಗ ಹೆಚ್ಚಿಸಿದಷ್ಟೂ ನಾಯಿಗೂ ಹುರುಪು, ನಮಗೂ ಬೀಳುವ ಅಪಾಯ.

7. ಹುಚ್ಚು: ರೇಬೀಸ್ ತಗುಲಿದ ನಾಯಿ ಯಾವ ಕಾರಣವೂ ಇಲ್ಲದೆ ಕಂಡವರನ್ನೆಲ್ಲ ಕಚ್ಚಬಹುದು. ಆದರೆ ಇಂಥ ನಾಯಿ ಯಾವಾಗಲೂ ಉಗ್ರವಾಗಿಯೇ ಇರಬೇಕೆಂದಿಲ್ಲ. ಮಂಕಾಗಿ, ಜೊಲ್ಲು ಸುರಿಸುತ್ತಾ, ನುಂಗಲಾಗದೆ ಮೂಲೆ ಹಿಡಿದು ಕೂರುವುದೂ ಉಂಟು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಅದರ ಬಾಯಿಗೆ ಕೈ ಹಾಕುವುದು ಬಹಳ ಅಪಾಯಕರ.

ಇಷ್ಟರ ಜೊತೆಗೆ ಮರಿಯಾಗಿದ್ದಾಗಿನ ಪಾಲನೆಯೂ ಮುಖ್ಯ. ಸುಮಾರು 3ರಿಂದ 14 ವಾರಗಳ ವಯಸ್ಸಿನಲ್ಲಿ ನಾಯಿಮರಿ ‘ಯಾರು ನಮ್ಮವರು, ಯಾವುದು ಭಯಪಡಬೇಕಾದ್ದು’ ಎಂಬುದನ್ನು ಕಲಿಯುತ್ತದೆ. ಆ ದಿನಗಳಲ್ಲಿ ಮಕ್ಕಳು, ಮುದುಕರು, ಕೊಡೆ ಹಿಡಿದವರು, ಪಾತ್ರೆ ಬಿದ್ದ ಸದ್ದು ಎಲ್ಲವನ್ನೂ ನೆಮ್ಮದಿಯಿಂದ ಕಂಡ ಮರಿ ಮುಂದೆ ಧೈರ್ಯದ ನಾಯಿಯಾಗುತ್ತದೆ. ಕತ್ತಲೆಗೂಡಿನಲ್ಲಿ ಬೆಳೆದ, ಏಟು ತಿಂದ ಮರಿ ಯಾವ ತಳಿಯದ್ದಾದರೂ ಅಂಜುಬುರುಕವಾಗುತ್ತದೆ. ಅಂಜುಬುರುಕ ನಾಯಿಯೇ ಕಚ್ಚುವುದು ಹೆಚ್ಚು.

ಕಚ್ಚುವ ಮುನ್ನ ಕೊಡುವ ಸೂಚನೆ

‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆ ಮನುಷ್ಯರ ವಿಷಯದಲ್ಲಿ ನಿಜವಿರಬಹುದು, ನಾಯಿಯ ವಿಷಯದಲ್ಲಿ ನಂಬುವಂತಿಲ್ಲ. ಬೊಗಳುವ ನಾಯಿಯೂ ಕಚ್ಚುತ್ತದೆ. ಬಾಲ ಅಲ್ಲಾಡಿಸುವ ನಾಯಿಯೆಲ್ಲ ಸ್ನೇಹದ ನಾಯಿ ಎಂಬುದೂ ಸರಿಯಲ್ಲ. ಮೈಯೆಲ್ಲ ಸಡಿಲಬಿಟ್ಟು ಸೊಂಟ ಸಮೇತ ಬಾಲ ಬೀಸುವುದು ಸಂತೋಷದ ಗುರುತು. ಮೈ ಬಿಗಿಹಿಡಿದು, ಬಾಲ ಮೇಲೆತ್ತಿ, ತುದಿಯನ್ನಷ್ಟೇ ಸರಸರನೆ ಆಡಿಸುವುದು ಎಚ್ಚರಿಕೆಯ ಗುರುತು.

ನಾಯಿ ಒಮ್ಮೆಗೇ ಕಚ್ಚುವುದು ಅಪರೂಪ. ಮೊದಲು ಮುಖ ಆಚೆ ತಿರುಗಿಸುತ್ತದೆ, ಹಸಿವಿಲ್ಲದೆಯೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆ. ಆಮೇಲೆ ಕಿವಿ ಹಿಂದಕ್ಕೆ ಮಡಚಿ ಬಾಲವನ್ನು ಕಾಲ ಸಂದಿಗೆ ಸೇರಿಸುತ್ತದೆ. ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುತ್ತದೆ. ಇದ್ದಲ್ಲೇ ಕಲ್ಲಿನಂತೆ ನಿಂತುಬಿಡುತ್ತದೆ. ಕೊನೆಗೆ ಗುರುಗುಟ್ಟಿ ಹಲ್ಲು ತೋರಿಸುತ್ತದೆ. ‘ದೂರ ಹೋಗು’ ಎಂಬುದನ್ನು ಅದು ಇಷ್ಟು ಬಗೆಯಲ್ಲಿ ಹೇಳಿದರೂ ನಮಗೆ ತಿಳಿಯದಿದ್ದರೆ ಮಾತ್ರ ಕಚ್ಚುತ್ತದೆ.

ಗುರುಗುಟ್ಟಿದ್ದಕ್ಕಾಗಿ ನಾಯಿಗೆ ಹೊಡೆಯುವ ಪದ್ಧತಿ ಹಲವು ಮನೆಗಳಲ್ಲಿದೆ. ಇದರಿಂದ ನಾಯಿ ಕಲಿಯುವುದು ಒಂದೇ ಪಾಠ: ಗುರುಗುಟ್ಟಿದರೆ ಏಟು ಬೀಳುತ್ತದೆ. ಅದರ ಅಸಮಾಧಾನ ಹಾಗೇ ಉಳಿದಿರುತ್ತದೆ. ಮುಂದೆ ಅದು ಸದ್ದಿಲ್ಲದೆ ಕಚ್ಚುತ್ತದೆ.

ಮಕ್ಕಳೇ ಏಕೆ ಹೆಚ್ಚು?

ಶಂಕಿತ ರೇಬೀಸ್ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಸುಮಾರು ಶೇ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಮಗು ಓಡುತ್ತದೆ, ಕಿರುಚುತ್ತದೆ, ಬಾಲ ಎಳೆಯುತ್ತದೆ. ಹಲ್ಲು ತೋರಿಸುವ ನಾಯಿ ನಗುತ್ತಿದೆ ಎಂದು ಚಿಕ್ಕ ಮಕ್ಕಳು ತಿಳಿಯುವುದು ಬ್ರಿಟನ್ನಿನಲ್ಲಿ ನಡೆದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಆದ್ದರಿಂದ ಐದಾರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ, ಅದು ಮನೆಯದೇ ಆಗಿದ್ದರೂ, ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬಾರದು. ಸ್ವಲ್ಪ ದೊಡ್ಡ ಮಕ್ಕಳಿಗೆ ಇವಿಷ್ಟನ್ನು ಕಲಿಸಿ: ಉಣ್ಣುವ, ಮಲಗಿದ, ಮರಿಗೆ ಹಾಲೂಡುವ ನಾಯಿಯ ಹತ್ತಿರ ಹೋಗಬಾರದು. ಸಾಕಿದವರನ್ನು ಕೇಳದೆ ಬೇರೆಯವರ ನಾಯಿಯನ್ನು ಮುಟ್ಟಬಾರದು. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು. ಕೈ ಕೆಳಗಿಳಿಸಿ, ಕಣ್ಣು ನೆಲಕ್ಕೆ ನೆಟ್ಟು, ಮರದ ಹಾಗೆ ನಿಂತುಕೊಳ್ಳಬೇಕು. ಬಿದ್ದರೆ ಮೈ ಮುದುಡಿ, ಕೈಗಳಿಂದ ಕತ್ತು ಮತ್ತು ಕಿವಿ ಮುಚ್ಚಿಕೊಳ್ಳಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಬೈಗುಳಕ್ಕೆ, ಸೂಜಿಗೆ ಹೆದರಿ ಕಡಿತವನ್ನು ಮುಚ್ಚಿಡುವ ಮಕ್ಕಳಿದ್ದಾರೆ. ಗಾಯ ಒಣಗುತ್ತದೆ, ಮನೆಯವರಿಗೆ ತಿಳಿಯುವುದೇ ಇಲ್ಲ. ತಿಂಗಳುಗಳ ನಂತರ ಮಗು ನೀರು ಕಂಡರೆ ಬೆದರುವ ಸ್ಥಿತಿಗೆ ಬಂದಾಗ ವೈದ್ಯರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ‘ನಾಯಿ ಕಚ್ಚಿದರೆ, ಪರಚಿದರೆ ನನಗೆ ತಕ್ಷಣ ಹೇಳು, ನಾನು ಬೈಯುವುದಿಲ್ಲ’ ಎಂದು ಇಂದೇ ನಿಮ್ಮ ಮಗುವಿಗೆ ಹೇಳಿ. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ.

ಕಚ್ಚಿದರೆ ಏನು ಮಾಡಬೇಕು?

ರೇಬೀಸ್ ವೈರಾಣು ನಾಯಿಯ ಜೊಲ್ಲಿನಿಂದ ಗಾಯಕ್ಕೆ ಇಳಿದು, ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರದಲ್ಲೂ ಆಗಬಹುದು, ವರ್ಷವೂ ಹಿಡಿಯಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿದವರು ಇಲ್ಲವೆನ್ನುವಷ್ಟು ವಿರಳ. ಆದರೆ ವೈರಾಣು ಮಿದುಳು ಮುಟ್ಟುವ ಮೊದಲೇ ಸರಿಯಾದ ಚಿಕಿತ್ಸೆ ಸಿಕ್ಕರೆ ರೋಗವನ್ನು ತಡೆಯಬಹುದು.

ಮೊದಲ ಚಿಕಿತ್ಸೆ ನಿಮ್ಮ ಮನೆಯ ನಲ್ಲಿಯಲ್ಲೇ ಇದೆ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಈ ವೈರಾಣುವಿನ ಹೊರಪೊರೆಯಲ್ಲಿ ಕೊಬ್ಬಿನ ಅಂಶವಿದೆ. ಸೋಪು ಅದನ್ನು ಕರಗಿಸುತ್ತದೆ. ಬಳಿಕ ಪೊವಿಡೋನ್ ಅಯೋಡಿನ್‌ನಂಥ ನಂಜುನಿವಾರಕ ಹಚ್ಚಬಹುದು. ಮೆಣಸಿನ ಪುಡಿ, ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಗಾಯವನ್ನು ಸುಡುವುದು, ಬಿಗಿಯಾಗಿ ಕಟ್ಟುವುದು ಬೇಡ. ಅವಸರದಲ್ಲಿ ಹೊಲಿಗೆ ಹಾಕಿಸುವುದೂ ಬೇಡ.

ಅನಂತರ ತಡಮಾಡದೆ ಆಸ್ಪತ್ರೆಗೆ ಹೋಗಿ. ವೈದ್ಯರು ಗಾಯವನ್ನು ಮೂರು ವರ್ಗಗಳಲ್ಲಿ ನೋಡುತ್ತಾರೆ. ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಒಂದನೆಯ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚು ಗಾಯ, ಚರ್ಮಕ್ಕೆ ಹಲ್ಲು ಸೋಕಿದ್ದು ಎರಡನೆಯ ವರ್ಗ, ಲಸಿಕೆ ಬೇಕು. ಚರ್ಮ ಸೀಳಿದ ಕಡಿತ, ರಕ್ತ ಬಂದ ಪರಚು, ಗಾಯದ ಮೇಲೆ ಅಥವಾ ಬಾಯಿ, ಕಣ್ಣಿಗೆ ಜೊಲ್ಲು ತಾಗಿದ್ದು ಮೂರನೆಯ ವರ್ಗ. ಲಸಿಕೆಯ ಜೊತೆಗೆ ಗಾಯದ ಒಳಗೂ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿವಿಷ ಚುಚ್ಚಬೇಕು. ಲಸಿಕೆಯಿಂದ ದೇಹ ತಾನೇ ರಕ್ಷಣೆ ಕಟ್ಟಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಕಾಯುವುದು ಈ ಮದ್ದು. ಮುಖ, ತಲೆ, ಕತ್ತಿನ ಕಡಿತಗಳಲ್ಲಿ ವೈರಾಣುವಿಗೆ ಮಿದುಳು ಹತ್ತಿರ, ಆದ್ದರಿಂದ ಅವಸರ ಇನ್ನೂ ಹೆಚ್ಚು. ಧನುರ್ವಾಯುವಿನ ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯವನ್ನು ಬಿಡಿ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನ ಲಸಿಕೆಯನ್ನು ತೋಳಿನ ಸ್ನಾಯುವಿಗೆ ಕೊಡುವುದಾದರೆ 0, 3, 7, 14 ಮತ್ತು 28ನೇ ದಿನ. ಚರ್ಮದ ಪದರದೊಳಗೆ ಕೊಡುವುದಾದರೆ 0, 3, 7 ಮತ್ತು 28ನೇ ದಿನ. ಮೊದಲ ಸೂಜಿಯ ದಿನವೇ 0 ದಿನ. ಚಿಕ್ಕ ಮಕ್ಕಳಿಗೆ ತೊಡೆಯ ಪಕ್ಕಕ್ಕೆ ಕೊಡುತ್ತಾರೆ. ಕುಂಡೆಗೆ ಕೊಡುವಂತಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಎರಡು ಸೂಜಿ ಹಾಕಿಸಿಕೊಂಡು ‘ನಾಯಿ ಚೆನ್ನಾಗಿದೆ’ ಎಂದು ನೀವೇ ನಿಲ್ಲಿಸಬೇಡಿ.

ಕಚ್ಚಿದ ನಾಯಿಯನ್ನು ಕೊಲ್ಲದೆ, ಸಾಧ್ಯವಿದ್ದರೆ 10 ದಿನ ಗಮನಿಸಿ. ಕಚ್ಚುವಾಗ ಅದರ ಜೊಲ್ಲಿನಲ್ಲಿ ವೈರಾಣು ಇದ್ದಿದ್ದರೆ ಅಷ್ಟರಲ್ಲಿ ನಾಯಿ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತು ದಿನ ಆರೋಗ್ಯವಾಗಿದ್ದರೆ ಉಳಿದ ಸೂಜಿಗಳ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ನಾಯಿಯನ್ನು ನೋಡಿಕೊಂಡು ಆಮೇಲೆ ಲಸಿಕೆ ಎಂದು ಕಾಯಬಾರದು. ಲಸಿಕೆ ಮೊದಲ ದಿನವೇ ಶುರುವಾಗಬೇಕು.

ನಾಯಿ ಸಾಕುವವರಿಗೆ

ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮರುಲಸಿಕೆ ಹಾಕಿಸಿ, ಕಾರ್ಡು ಜೋಪಾನ ಮಾಡಿ. ತಳಿಯ ಪ್ರತಿಷ್ಠೆಗಿಂತ ನಿಮ್ಮ ಮನೆಯ ಜಾಗ, ಸಮಯ ನೋಡಿ ಮರಿಯನ್ನು ಆರಿಸಿ. ಓಡಲು ಹುಟ್ಟಿದ ನಾಯಿಯನ್ನು ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕಿದರೆ ಅದರ ಸ್ವಭಾವ ಕೆಡುವುದು ಖಂಡಿತ. ನಮ್ಮ ಊರ ನಾಯಿಯ ಮರಿಯನ್ನು ಅಕ್ಕರೆಯಿಂದ ಬೆಳೆಸಿದರೆ ಅದೂ ಯಾವ ಜಾತಿ ನಾಯಿಗೂ ಕಡಿಮೆಯಿಲ್ಲ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರ: ಎರಡು ತಿಂಗಳ ನಾಯಿಮರಿ ಆಡುವಾಗ ಹಲ್ಲು ತಾಗಿಸಿತು. ಮರಿಯಿಂದಲೂ ರೇಬೀಸ್ ಬರುತ್ತದೆಯೇ?

ಉ: ಬರಬಹುದು. ಸೋಂಕು ತಗುಲಿದ್ದರೆ ಮರಿಯ ಕಡಿತವೂ ದೊಡ್ಡ ನಾಯಿಯ ಕಡಿತದಷ್ಟೇ ಅಪಾಯಕರ. ತೊಳೆದುಕೊಂಡು ವೈದ್ಯರನ್ನು ಕಾಣಿ.

ಪ್ರ: ನಮ್ಮ ನಾಯಿಗೆ ಲಸಿಕೆ ಹಾಕಿಸಿದ್ದೇವೆ. ಆದರೂ ನಾವು ಹಾಕಿಸಿಕೊಳ್ಳಬೇಕೇ?

ಉ: ನಾಯಿಗೆ ಹಾಕಿಸಿದ ಲಸಿಕೆ ಅಪಾಯವನ್ನು ಬಹಳ ಕಡಿಮೆ ಮಾಡುತ್ತದೆ, ಆದರೆ ಪ್ರತಿ ನಾಯಿಯಲ್ಲೂ ಅದು ಪೂರ್ತಿ ಫಲ ಕೊಟ್ಟಿದೆಯೆಂದು ಹೇಳಲಾಗದು. ಕಾರ್ಡು ತೆಗೆದುಕೊಂಡು ವೈದ್ಯರ ಬಳಿ ಹೋಗಿ. ತೀರ್ಮಾನ ಅವರಿಗೆ ಬಿಡಿ.

ಪ್ರ: ಗರ್ಭಿಣಿಯರು, ಬಾಣಂತಿಯರು ಈ ಲಸಿಕೆ ತೆಗೆದುಕೊಳ್ಳಬಹುದೇ? ಪಥ್ಯವೇನು?

ಉ: ಧಾರಾಳವಾಗಿ ತೆಗೆದುಕೊಳ್ಳಬಹುದು. ಪಥ್ಯ ಏನೂ ಇಲ್ಲ.

ಪ್ರ: ಎರಡು ವರ್ಷದ ಹಿಂದೆ ಪೂರ್ತಿ ಲಸಿಕೆ ಆಗಿದೆ. ಈಗ ಮತ್ತೆ ನಾಯಿ ಕಚ್ಚಿದೆ.

ಉ: ಹಳೆಯ ಚೀಟಿ ತೋರಿಸಿ. 0 ಮತ್ತು 3ನೇ ದಿನದ ಎರಡು ಸರದಿ ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಡ. ಗಾಯ ತೊಳೆಯುವುದು ಮಾತ್ರ ಪ್ರತಿ ಸಲವೂ ಬೇಕು.

ಪ್ರ: ಕಚ್ಚಿ ಹದಿನೈದು ದಿನ ಕಳೆದಿದೆ, ಏನೂ ಮಾಡಿಲ್ಲ. ಈಗ ಹೋಗಿ ಪ್ರಯೋಜನವಿದೆಯೇ?

ಉ: ಖಂಡಿತ ಇದೆ. ತಿಂಗಳು ಕಳೆದಿದ್ದರೂ ಹೋಗಬೇಕು. ಈ ಪತ್ರಿಕೆ ಮಡಚಿಟ್ಟು ಇವತ್ತೇ ಹೊರಡಿ.